ಕೆರ, ಮೆಟ್ಟು, ಬೂಟು: ದೂರದ ದಾರಿಗೆ ಯಾವುದು?

(ಚಿತ್ರದುರ್ಗದಲ್ಲಿ ಪಾದಯಾತ್ರೆಗೆ ಹೊರಟಿದ್ದ ಗೆಳೆಯರ ಬಳಗವೊಂದರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದು ಇಲ್ಲಿ ಸೇರಿರುವ ನಿಮ್ಮೆಲ್ಲರ ಮುಖ ನೋಡುವ ಮುಂಚೆ, ಬಾಗಿಲ ಹೊರಗೆ ನೀವು ಬಿಟ್ಟಿರುವ ಜೋಡುಗಳನ್ನು ನೋಡಿಕೊಂಡೇ ಒಳಗೆ ಬಂದೆ. ತಪ್ಪು ತಿಳಿಯಬೇಡಿ. ಅಲ್ಲಿರುವುದರಲ್ಲಿ ಮುಕ್ಕಾಲು ಪಾಲು ಹವಾಯಿ ಚಪ್ಪಲಿ. ಉಳಿದವು ಹೊಳೆಯುವ ಹೊಸ ಬೂಟುಗಳು. ಒಂದೆರಡರ ಮೇಲೆ ಅಂಗಡಿಯ ಚೀಟಿ ಇನ್ನೂ ಹಾಗೇ ಇದೆ. ಇನ್ನು ಇಪ್ಪತ್ತೈದು ದಿನಕ್ಕೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ನಡೆದುಕೊಂಡು ಹೋಗುವವರ ಜೋಡುಗಳು ಇವು ಎಂದುಕೊಂಡಾಗ ನನಗೆ ನಮ್ಮ ದೊಡ್ಡಪ್ಪನ ನೆನಪಾಯಿತು.

ದೊಡ್ಡಪ್ಪ ಹೊಸದುರ್ಗದ ಕಡೆಯ ರೈತ. ಹೊಲದಲ್ಲಿ ಟೈರ್ ಮೆಟ್ಟು ಮೆಟ್ಟಿಕೊಂಡು ಅರವತ್ತು ದಾಟಿದವರು. ಒಂದು ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೊರಟಾಗ, ಮಗ ಪ್ರೀತಿಯಿಂದ ಹಿಂದಿನ ದಿನವಷ್ಟೇ ಬೂಟು ತಂದುಕೊಟ್ಟ. ಎರಡನೆಯ ದಿನವೋ ಏನೋ ಬೂಟಿನೊಳಗೆ ಹರಳೊಂದು ಸೇರಿತ್ತು. ಅವರಿಗೆ ಗೊತ್ತೇ ಆಗಲಿಲ್ಲ. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನು ಯಾವಾಗಲೋ ತಿಂದುಹಾಕಿತ್ತು. ರಾತ್ರಿ ಕಾಲುಚೀಲ ಬಿಚ್ಚಿದಾಗ ಅದು ಕೆಂಪಾಗಿತ್ತು. ಊರಿಗೆ ಜೀಪಿನಲ್ಲಿ ಬಂದರು. ತಿಂಗಳೊಳಗೆ ಎರಡು ಬೆರಳು ತೆಗೆಯಬೇಕಾಯಿತು. ಆಮೇಲೂ ಹನ್ನೊಂದು ವರ್ಷ ಬದುಕಿದ್ದರು, ಆದರೆ ಹೊಲದ ಬದುವಿನ ಮೇಲೆ ಒಬ್ಬರೇ ನಡೆದದ್ದನ್ನು ನಾನು ಮತ್ತೆ ಕಾಣಲಿಲ್ಲ.

ನಮ್ಮ ನಾಡಿನಲ್ಲಿ ನಡೆಯುವುದೇನೂ ಹೊಸದಲ್ಲ. ಕುರಿ ಕಾಯುವವರು, ಕಾಡುಗೊಲ್ಲರು, ಮ್ಯಾಸಬೇಡರು ಮೇವಿನ ಹಿಂದೆ ನಡೆದವರು. ನೆಲವಾದರೂ ಎಂಥದ್ದು? ದುರ್ಗದ ಸುತ್ತ ಬಂಡೆ, ನೊರಜುಗಲ್ಲು. ಹಿರಿಯೂರಿನ ಎರೆಯಲ್ಲಿ ಒಂದು ಮಳೆ ಬಿದ್ದರೆ ಮೆಟ್ಟು ಒಂದೊಂದು ಸೇರಿನ ಭಾರವಾಗುತ್ತದೆ. ಹೊಳಲ್ಕೆರೆ, ಹೊಸದುರ್ಗದ ಕೆಮ್ಮಣ್ಣು ಅಷ್ಟು ಕಾಡುವುದಿಲ್ಲವೆನ್ನಿ. ಎಲ್ಲ ಕಡೆಯೂ ತಪ್ಪದ್ದು ಮುಳ್ಳು: ನೆಲಕ್ಕಂಟಿದ ನೆಗ್ಗಿಲು, ಕರಿಜಾಲಿ, ಇವೆರಡನ್ನೂ ಮೀರಿಸುವ ಬಳ್ಳಾರಿ ಜಾಲಿ. ಇದರ ಮುಳ್ಳು ಹವಾಯಿ ಚಪ್ಪಲಿಯನ್ನು ಬೆಣ್ಣೆಯಂತೆ ತೂರಿ ಬರುತ್ತದೆ. ಕುರಿಗಾಹಿಯ ಉಡಿದಾರದಲ್ಲಿ ಮುಳ್ಳು ಕೀಳುವ ಚಿಮ್ಮಟ ಏಕೆ ತೂಗುತ್ತಿತ್ತು ಎಂದು ಯಾರಿಗೂ ವಿವರಿಸಬೇಕಿಲ್ಲ.

ಈ ನೆಲಕ್ಕೆ ಈ ನೆಲದ್ದೇ ಕೆರ ಹುಟ್ಟಿತು. ‘ಕೆರ’ ಹಳೆಯ ಶಬ್ದ. ತಮಿಳಿನ ಚೆರುಪ್ಪು, ತೆಲುಗಿನ ಚೆಪ್ಪು ಇದರ ದಾಯಾದಿಗಳು. ಅಲ್ಲಿ ಮೊದಲ ಅಕ್ಷರ ಚಕಾರವಾಯಿತು, ಕನ್ನಡ ಕಕಾರವನ್ನು ಉಳಿಸಿಕೊಂಡಿತು. ಇಷ್ಟು ಹಿರಿಯ ಶಬ್ದವನ್ನು ನಾವು ಇಂದು ಬೈಗುಳಕ್ಕೆ ಮಾತ್ರ ಉಳಿಸಿಕೊಂಡಿದ್ದೇವೆ!

ಕೆರ ಮಾಡುವ ವಿಧಾನ ಕೇಳಿ. ಎಮ್ಮೆಯದೋ ಎತ್ತಿನದೋ ತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಸಿ ಕೂದಲು ತೆಗೆದು, ತಂಗಡಿ ತೊಗಟೆಯ ರಸದಲ್ಲಿ ವಾರಗಟ್ಟಲೆ ಹದ ಮಾಡುತ್ತಿದ್ದರು. ಜಿಲ್ಲೆಯ ಬೀಳು ನೆಲದಲ್ಲೆಲ್ಲ ಹಳದಿ ಹೂ ಬಿಟ್ಟು ನಿಲ್ಲುವ ಅದೇ ತಂಗಡಿ. ಅದರ ತೊಗಟೆಯ ಒಗರು ತೊಗಲಿನ ನಾರುಗಳನ್ನು ಬಿಗಿದು, ಕೊಳೆಯದಂತೆ ಕಾಯುತ್ತದೆ. ಅಟ್ಟೆ ಎರಡು ಮೂರು ಪದರ, ಹೆಬ್ಬೆರಳಿಗೊಂದು ಕುಣಿಕೆ, ಪಾದದ ಮೇಲೆ ಅಡ್ಡಪಟ್ಟಿ. ನಮ್ಮ ಮನೆಗೆ ಬರುತ್ತಿದ್ದ ಹಿರಿಯರು ತೊಗಲಿನ ಮೇಲೆ ಕಾಲಿಡಿಸಿ ಇದ್ದಲಿನಲ್ಲಿ ಗೆರೆ ಎಳೆಯುತ್ತಿದ್ದರು. ಎಡಕ್ಕೊಂದು ಗೆರೆ, ಬಲಕ್ಕೊಂದು ಗೆರೆ. ಎರಡು ಕಾಲು ಒಂದೇ ಅಳತೆಯಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹೊಸ ಕೆರಕ್ಕೆ ರಾತ್ರಿ ಹರಳೆಣ್ಣೆ ಸವರಿ, ಎಂಟು ಹತ್ತು ದಿನ ಮನೆ ಹೊಲದ ನಡುವೆ ಮಾತ್ರ ಮೆಟ್ಟಿ, ಆಮೇಲೆ ಜಾತ್ರೆಗೆ. ಅದು ಜೀರು ಜೀರು ಎನ್ನುತ್ತಿದ್ದರೆ ಬರುವವರು ಯಾರೆಂದು ಓಣಿಯ ತುದಿಯಿಂದಲೇ ತಿಳಿಯುತ್ತಿತ್ತು. ಕೂಲಿ ಸುಗ್ಗಿಯ ಕಣದಲ್ಲಿ ಆಯದ ಕಾಳಿನ ರೂಪದಲ್ಲಿ ಸಲ್ಲುತ್ತಿತ್ತು.

ಇದನ್ನು ಹೇಳುತ್ತಾ ಇನ್ನೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಊರಿಗೆಲ್ಲ ಕೆರ ಹೊಲಿದವರು ಮೇಲ್ಜಾತಿಯ ಓಣಿಯಲ್ಲಿ ಅದನ್ನು ಮೆಟ್ಟುವಂತಿರಲಿಲ್ಲ, ಕೈಯಲ್ಲಿ ಹಿಡಿದು ನಡೆಯಬೇಕಿತ್ತು. 12ನೆಯ ಶತಮಾನದ ಶರಣ ಹರಳಯ್ಯನ ಕತೆ ನಿಮಗೆ ಗೊತ್ತಿದೆ: ತಾನು ‘ಶರಣು’ ಎಂದರೆ ಬಸವಣ್ಣ ‘ಶರಣು ಶರಣಾರ್ಥಿ’ ಎಂದನಲ್ಲ, ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರು, ಬಸವಣ್ಣ ಅದನ್ನು ತಲೆಯ ಮೇಲೆ ಹೊತ್ತ. ಕತೆಯನ್ನು ಕೇಳಿ ಕಣ್ಣೀರಿಟ್ಟ ಊರುಗಳೇ ಮರುದಿನ ಹರಳಯ್ಯನ ಕುಲದವರ ಕಾಲಿನಿಂದ ಕೆರ ಬಿಡಿಸಿದವು. ದಕ್ಷಿಣ ಆಫ್ರಿಕದಲ್ಲಿ ಚಪ್ಪಲಿ ಹೊಲಿಯಲು ಕಲಿತ ಗಾಂಧೀಜಿ, ತಮ್ಮನ್ನು ಸೆರೆಗೆ ಹಾಕಿಸಿದ ಜನರಲ್ ಸ್ಮಟ್ಸ್‌ನಿಗೆ ಒಂದು ಜೋಡು ಕೊಟ್ಟಿದ್ದರು. ಸ್ಮಟ್ಸ್ ಅದನ್ನು ಎಷ್ಟೋ ಬೇಸಗೆ ಮೆಟ್ಟಿ, 1939ರಲ್ಲಿ ಗೌರವದಿಂದ ಹಿಂದಿರುಗಿಸಿದ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಅದರಲ್ಲಿ ಪಾಲು ಬಂತು. ದುರ್ಗದ ಸೀಮೆಯ ಕೆರಕ್ಕೆ ಅಂಥ ಹೆಸರು ದಕ್ಕಲಿಲ್ಲ.

ಹಾಗಾದರೆ ಎಲ್ಲರೂ ಕೆರಕ್ಕೆ ಮರಳಿ ಎನ್ನುತ್ತೇನೆಯೇ? ಇಲ್ಲ. ಕೆರ ಮಣ್ಣಿನ ದಾರಿಯ ವಸ್ತು. ಅದರಲ್ಲಿ ಬೆರಳುಗಳು ಅಗಲವಾಗಿ ಊರುತ್ತವೆ, ಬೆವರು ಆರುತ್ತದೆ, ಹಿಮ್ಮಡಿ ಉಜ್ಜುವುದಿಲ್ಲ. ಇವು ಅದರ ಗುಣ. ಡಾಂಬರಿನ ಪೆಟ್ಟನ್ನು ಮಾತ್ರ ಅದು ತಡೆಯದು. ಒಂದು ಲೆಕ್ಕ ಹಾಕಿ. ಹಿರಿಯೂರಿನಿಂದ ದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 40 ಕಿ.ಮೀ. ಹೆಜ್ಜೆಗೆ 75 ಸೆಂ.ಮೀ. ಎಂದರೂ 53 ಸಾವಿರ ಹೆಜ್ಜೆ; ಒಂದೊಂದು ಕಾಲಿಗೆ 26 ಸಾವಿರ ಪೆಟ್ಟು. ಅಂಗಡಿಯಲ್ಲಿ ‘ಸ್ವಲ್ಪ ಒತ್ತುತ್ತದೆ, ಆಮೇಲೆ ಸರಿಹೋಗುತ್ತದೆ’ ಎಂದು ಕೊಂಡದ್ದು 26 ಸಾವಿರ ಸಲ ಒತ್ತಿದರೆ ಏನಾದೀತು ನೋಡಿ. ಹವಾಯಿ ಚಪ್ಪಲಿಯಲ್ಲಿ ಅಷ್ಟೂ ಸಲ ಬೆರಳುಗಳು ಅದನ್ನು ಬಿಗಿಹಿಡಿಯಬೇಕು. ಮೀನಖಂಡ ಹಿಡಿದುಕೊಳ್ಳುವುದು ಅದಕ್ಕೇ.

ಕೊಳ್ಳುವಾಗ ಹಳಬರ ಬುದ್ಧಿಯನ್ನೇ ಬಳಸಿ. ಸಂಜೆ ಹೋಗಿ, ದಿನವಿಡೀ ಓಡಾಡಿದ ಪಾದ ಆಗ ಕೊಂಚ ಊದಿರುತ್ತದೆ. ನಡಿಗೆಗೆ ಹಾಕಿಕೊಳ್ಳುವ ಕಾಲುಚೀಲವನ್ನೇ ಹಾಕಿ, ನಿಂತು, ದೊಡ್ಡ ಕಾಲಿಗೆ ಅಳತೆ ನೋಡಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಉಳಿಯಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಮಾತ್ರ ಜಾರಬಾರದು. ಬೂಟನ್ನು ಕೈಯಲ್ಲಿ ಬಗ್ಗಿಸಿ ನೋಡಿ: ಬೆರಳುಗಳ ಬುಡದಲ್ಲಿ ಬಗ್ಗಿದರೆ ಒಳ್ಳೆಯದು, ನಟ್ಟನಡುವೆ ಮಡಿಸಿಕೊಂಡರೆ ಬಿಟ್ಟುಬಿಡಿ. ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಹೆಸರಿಗೆ ಕೊಡುವ ಹಣದಲ್ಲಿ ಅರ್ಧ ವ್ಯರ್ಥ. ಹತ್ತಿಯ ಕಾಲುಚೀಲ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಒದ್ದೆ ಚರ್ಮಕ್ಕೆ ಬೇಗ ಬೊಬ್ಬೆ ಏಳುತ್ತದೆ. ಬೇಗ ಆರುವ ಬಗೆಯದನ್ನು ಎರಡು ಜೊತೆ ಇಟ್ಟುಕೊಳ್ಳಿ.

ಬರಿಗಾಲ ಹರಕೆ ಹೊತ್ತವರು ನಿಮ್ಮಲ್ಲಿ ಇರಬಹುದು. ಭಕ್ತಿಯ ವಿಷಯದಲ್ಲಿ ಕೈಹಾಕುವ ಅಧಿಕಾರ ನನಗಿಲ್ಲ. ಆದರೆ ಫಾಲ್ಗುಣದ ಮಧ್ಯಾಹ್ನ ಡಾಂಬರು ಕಾವಲಿಯಂತೆ ಕಾದಿರುತ್ತದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಆ ಬಿಸಿ ತಿಳಿಯದೆ ಸುಟ್ಟುಬಿಡುತ್ತದೆ. ಅಂಥವರು ದಯವಿಟ್ಟು ಬರಿಗಾಲಲ್ಲಿ ಹೊರಡಬೇಡಿ. ವೈದ್ಯರ ಬಳಿ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿಕೊಳ್ಳಿ. ತೆಳ್ಳನೆಯ ನೈಲಾನ್ ಎಳೆ ತಾಗಿಸಿ ನೋಡುವ ಸುಲಭದ ಪರೀಕ್ಷೆ ಅದು. ಪ್ರತಿ ಸಲ ಬೂಟು ಹಾಕುವ ಮುನ್ನ ಒಳಗೆ ಕೈಯಾಡಿಸಿ. ರಾತ್ರಿ ಅಂಗಾಲನ್ನು ಮನೆಯವರ ಕೈಲಿ ನೋಡಿಸಿ, ಇಲ್ಲವೇ ಕನ್ನಡಿ ಹಿಡಿದು ನೋಡಿಕೊಳ್ಳಿ.

ಇಪ್ಪತ್ತೈದು ದಿನ ಸಾಕಷ್ಟು ಕಾಲ. ಹೊಸದು ಕೊಳ್ಳುವವರು ಈ ವಾರವೇ ಕೊಂಡು, ಮೊದಲ ದಿನ ಎರಡು ಮೈಲಿ, ಆಮೇಲೆ ನಾಲ್ಕು, ಹೀಗೆ ಏರಿಸುತ್ತಾ ಹೋಗಿ. ಹಳೆಯದೇ ಒಗ್ಗಿದ್ದರೆ ಬಸ್ ನಿಲ್ದಾಣದ ಪಕ್ಕದ ಮರದಡಿ ಕೂರುವವರ ಹತ್ತಿರ ಅಟ್ಟೆ ಹೊಲಿಸಿಕೊಳ್ಳಿ. ಹೊಲಿಗೆಗೆ ಹೇಳಿದ ದುಡ್ಡನ್ನು ಚೌಕಾಸಿ ಮಾಡದೆ ಕೊಡಿ.