ಲಿವರ್ ಕಸಿಯ ತಪಾಸಣೆ: ಮುಚ್ಚಿಟ್ಟು ಕಳೆದುಕೊಳ್ಳುವುದೇನು?

(ಆರೋಗ್ಯ ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಕ್ಕರೆ ಕಾಯಿಲೆಯ ಬಗ್ಗೆ ನಾವು ಎಲ್ಲರೆದುರು ಮಾತಾಡುತ್ತೇವೆ. ಹೃದಯದ ಶಸ್ತ್ರಚಿಕಿತ್ಸೆಯಾದವರನ್ನು ನೋಡಲು ಹಣ್ಣು ಹಿಡಿದು ಹೋಗುತ್ತೇವೆ. ಆದರೆ ಲಿವರ್ ಕೆಟ್ಟಿದೆ ಎಂಬ ಮಾತು ಬಂದೊಡನೆ ನಮ್ಮ ಧ್ವನಿ ತಗ್ಗುತ್ತದೆ. 'ಕುಡಿಯುತ್ತಿದ್ದನೇನೋ' ಎಂಬ ಪಿಸುಮಾತಿಗೆ ಹೆದರಿ ಕುಟುಂಬಗಳು ರೋಗವನ್ನೇ ಮುಚ್ಚಿಡುತ್ತವೆ. ಕಾಮಾಲೆಗೆ ಮದ್ದು ಕೊಡುವವರನ್ನು ಹುಡುಕುತ್ತ ಊರೂರು ಅಲೆಯುತ್ತವೆ. ದೊಡ್ಡ ಆಸ್ಪತ್ರೆಯ ಬಾಗಿಲು ತಲುಪುವಾಗ ಸಮಯ ಮೀರಿರುತ್ತದೆ.

ಸಿರೋಸಿಸ್‌ಗೆ ಮದ್ಯ ಒಂದು ಕಾರಣ ನಿಜ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳೂ ಕಾರಣವೇ. ಸಕ್ಕರೆ ಕಾಯಿಲೆ, ಬೊಜ್ಜುಗಳ ಜೊತೆಗೆ ಬರುವ ಕೊಬ್ಬಿದ ಲಿವರ್ ಇಂದು ದೊಡ್ಡ ಕಾರಣವಾಗಿ ಬೆಳೆದಿದೆ. ಒಂದು ಹನಿ ಮದ್ಯ ಮುಟ್ಟದ ಗೃಹಿಣಿಗೂ ಸಿರೋಸಿಸ್ ಬರಬಹುದು. ಆದ್ದರಿಂದ ರೋಗಿಯ ಚಾರಿತ್ರ್ಯದ ಮೇಲೆ ತೀರ್ಪು ಕೊಡುವ ಅಧಿಕಾರ ನಮಗಾರಿಗೂ ಇಲ್ಲ.

ಕಸಿಗೆ ಮುಂಚಿನ ತಪಾಸಣೆಗೆ ಯಾವಾಗ ಹೋಗಬೇಕು? ಹೊಟ್ಟೆಯಲ್ಲಿ ನೀರು ತುಂಬಿದಾಗ, ರಕ್ತವಾಂತಿಯಾದಾಗ, ರೋಗಿ ಮಂಕಾಗಿ ಅಸಂಬದ್ಧ ಮಾತಾಡತೊಡಗಿದಾಗ ತಡಮಾಡಬಾರದು. ವೈದ್ಯರು ರೋಗದ ತೀವ್ರತೆಯನ್ನು ಅಳೆಯುವ ಒಂದು ಮಾಪನಕ್ಕೆ 'ಮೆಲ್ಡ್' ಎಂದು ಹೆಸರು. ರಕ್ತದಲ್ಲಿರುವ ಬಿಲಿರುಬಿನ್, ಕ್ರಿಯಾಟಿನಿನ್ ಮತ್ತು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ತಿಳಿಸುವ ಐಎನ್‌ಆರ್‌ಗಳಿಂದ 6ರಿಂದ 40ರವರೆಗಿನ ಒಂದು ಅಂಕ ದೊರೆಯುತ್ತದೆ. 2002ರಲ್ಲಿ ಅಮೆರಿಕ ಲಿವರ್ ಹಂಚಿಕೆಗೆ ಇದನ್ನು ಆಧಾರವಾಗಿಸಿತು. ಬಳಿಕ ಸೋಡಿಯಂ ಪ್ರಮಾಣವೂ ಲೆಕ್ಕಕ್ಕೆ ಸೇರಿತು. ಅಂಕ ಏರಿದಷ್ಟೂ ಮುಂದಿನ ಮೂರು ತಿಂಗಳಲ್ಲಿ ಸಾವಿನ ಭಯ ಹೆಚ್ಚು. ಸಾಮಾನ್ಯವಾಗಿ 15 ತಲುಪಿದರೆ ಕಸಿಯ ವಿಚಾರ ಮುಂದೆ ಬರುತ್ತದೆ. ಈ ಲೆಕ್ಕದಲ್ಲಿ ಜಾತಿ, ಧರ್ಮ, ಶಾಸಕರ ಶಿಫಾರಸು ಪತ್ರಗಳಿಗೆ ಸ್ಥಾನವಿಲ್ಲ. ಆದರೆ ಸರಕಾರಿ ಆಸ್ಪತ್ರೆಗಳಲ್ಲಿ ಇಂತಹ ಕಸಿ ಇಂದಿಗೂ ವಿರಳ. ಬಡವನಿಗೆ ತಪಾಸಣೆಯ ಮೇಜಿನವರೆಗೆ ತಲುಪುವುದೇ ದೊಡ್ಡ ಹೋರಾಟ. ಈ ಪ್ರಶ್ನೆಯನ್ನು ನಾವು ಆಳುವವರ ಮುಂದೆ ಇಡಲೇಬೇಕು.

ಕಸಿ ಅಗತ್ಯವೇ ಎಂಬುದು ಮೊದಲ ಪ್ರಶ್ನೆಯಾದರೆ, ದೇಹ ಅದನ್ನು ತಾಳಬಲ್ಲುದೇ ಎಂಬುದು ಎರಡನೆಯದು. ಅದಕ್ಕಾಗಿ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳನ್ನು ಪರೀಕ್ಷಿಸುತ್ತಾರೆ. ಕ್ಷಯ ಮುಂತಾದ ಸೋಂಕು ಅಡಗಿದೆಯೇ ಎಂದು ಹುಡುಕುತ್ತಾರೆ. ಲಿವರ್‌ನಲ್ಲಿ ಕ್ಯಾನ್ಸರ್ ಇದ್ದರೆ ಅದರ ಗಾತ್ರ ನೋಡುತ್ತಾರೆ. 1996ರಲ್ಲಿ ಇಟಲಿಯ ಮಿಲಾನ್ ನಗರದ ವೈದ್ಯರು ಕೊಟ್ಟ ಮಾನದಂಡ ಇಂದಿಗೂ ಆಧಾರವಾಗಿದೆ: ಒಂದೇ ಗಡ್ಡೆಯಾದರೆ 5 ಸೆಂಟಿಮೀಟರ್ ಮೀರಬಾರದು, ಮೂರರವರೆಗೆ ಇದ್ದರೆ ಯಾವುದೂ 3 ಸೆಂಟಿಮೀಟರ್ ಮೀರಬಾರದು, ರಕ್ತನಾಳಕ್ಕೂ ದೇಹದ ಬೇರೆಡೆಗೂ ಹರಡಿರಬಾರದು. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಗಡ್ಡೆ ಈ ಗೆರೆ ದಾಟಿಬಿಡಬಹುದು.

ಮನಶ್ಶಾಸ್ತ್ರಜ್ಞರೂ ಸಮಾಜ ಕಾರ್ಯಕರ್ತರೂ ರೋಗಿಯೊಡನೆ ಮಾತಾಡುತ್ತಾರೆ. ಕುಡಿತ, ತಂಬಾಕು, ನಾಟಿ ಮದ್ದು ಎಲ್ಲದರ ಬಗ್ಗೆ ಕೇಳುತ್ತಾರೆ. ಇಲ್ಲಿ ಸತ್ಯವನ್ನೇ ಹೇಳಬೇಕು. ಕುಡಿತ ಬಿಟ್ಟು ಆರು ತಿಂಗಳಾಗಿರಬೇಕೆಂಬ ನಿಯಮ ದೀರ್ಘಕಾಲ ನಡೆದುಬಂತು. ಆದರೆ ಔಷಧಿಗೆ ಬಗ್ಗದ ತೀವ್ರ ಮದ್ಯಜನ್ಯ ಲಿವರ್ ಉರಿಯೂತದಲ್ಲಿ, ಆಯ್ದ ರೋಗಿಗಳಿಗೆ ಬೇಗನೆ ಕಸಿ ಮಾಡಿದರೆ ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚುತ್ತದೆಂದು ಫ್ರಾನ್ಸ್ ಮತ್ತು ಬೆಲ್ಜಿಯಂನ ವೈದ್ಯರು 2011ರಲ್ಲಿ ತೋರಿಸಿಕೊಟ್ಟರು. ಆ ಬಳಿಕ ಹಲವೆಡೆ ಕ್ಯಾಲೆಂಡರಿಗಿಂತ ಮನುಷ್ಯನ ಸಂಕಲ್ಪಕ್ಕೂ ಕುಟುಂಬದ ಆಸರೆಗೂ ಹೆಚ್ಚು ಬೆಲೆ ಬಂದಿದೆ. ತಪ್ಪಿನಿಂದ ಮರಳಿದವನಿಗೆ ಬಾಗಿಲು ಮುಚ್ಚಬಾರದೆಂಬುದು ನಮಗೆ ಹೊಸ ಪಾಠವೇನಲ್ಲ.

ಇನ್ನು ದಾನಿಯ ವಿಚಾರ. ನಮ್ಮ ದೇಶದಲ್ಲಿ ಹೆಚ್ಚಿನ ಲಿವರ್ ಕಸಿ ನಡೆಯುವುದು ಜೀವಂತ ದಾನಿಯಿಂದ. ಲಿವರ್‌ನ ಭಾಗವನ್ನು ತೆಗೆದರೂ ಅದು ಕೆಲವು ತಿಂಗಳಲ್ಲಿ ಬೆಳೆದುಕೊಳ್ಳುತ್ತದೆ. ಹಾಗೆಂದು ದಾನಿಗೆ ಅಪಾಯವೇ ಇಲ್ಲವೆಂದಲ್ಲ. ಆದ್ದರಿಂದಲೇ ರಕ್ತದ ಗುಂಪು, ಉಳಿಯುವ ಲಿವರ್‌ನ ಪ್ರಮಾಣ, ಪಿತ್ತನಾಳಗಳ ರಚನೆ ಎಲ್ಲವನ್ನೂ ನೋಡುತ್ತಾರೆ. ಪತ್ನಿ, ತಾಯಿ, ಸಹೋದರಿಯರೇ ಹೆಚ್ಚಾಗಿ ಮುಂದೆ ಬರುತ್ತಾರೆ. ಬರುತ್ತಾರೋ, ತಳ್ಳಲ್ಪಡುತ್ತಾರೋ? ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. 1994ರ ಅಂಗಾಂಗ ಕಸಿ ಕಾಯಿದೆ ಹಣಕ್ಕಾಗಿ ಅಂಗ ಮಾರುವುದನ್ನು ಅಪರಾಧವೆಂದು ಸಾರಿದೆ. 2014ರ ನಿಯಮಗಳ ಪ್ರಕಾರ ದಾನಿ ಮಹಿಳೆಯಾದರೆ ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವನಲ್ಲದ ಬೇರೊಬ್ಬರು ದೃಢಪಡಿಸಬೇಕು. ಆಕೆ ಒಲ್ಲೆನೆಂದರೆ ಅದು ದ್ರೋಹವಲ್ಲ, ಆಕೆಯ ಹಕ್ಕು. ಆ ಮಾತಿಗಾಗಿ ಮನೆಯಲ್ಲಿ ಆಕೆಯನ್ನು ಹಂಗಿಸುವುದು ಅನ್ಯಾಯ.

ಧರ್ಮ ಇದನ್ನು ಒಪ್ಪುತ್ತದೆಯೇ ಎಂದು ಕೇಳುವವರಿದ್ದಾರೆ. 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು ದಾನಿಯ ಬದುಕಿಗೆ ಧಕ್ಕೆಯಾಗಬಾರದು, ಅಂಗ ಮಾರಾಟದ ಸರಕಾಗಬಾರದು ಎಂಬ ಷರತ್ತುಗಳೊಂದಿಗೆ ಅಂಗ ಕಸಿಯನ್ನು ಅನುಮತಿಸಿತು. ಮೃತರ ಅಂಗದಾನಕ್ಕೂ ಸಮ್ಮತಿಯ ಷರತ್ತಿನೊಂದಿಗೆ ಅವಕಾಶ ನೀಡಿತು. ನಮ್ಮ ಉಪಖಂಡದ ಉಲಮಾಗಳಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ಹಾಗಾಗಿ ತಿಳಿದ ವಿದ್ವಾಂಸರನ್ನು ಕೇಳೋಣ. ಆದರೆ ರೋಗಿ ತುರ್ತು ನಿಗಾ ಘಟಕದಲ್ಲಿರುವಾಗ ಅಲ್ಲ, ಇಂದೇ ಕೇಳೋಣ.

ಸಹೋದರರೇ, ನಿಮ್ಮ ಮೊಹಲ್ಲಾದಲ್ಲಿ ಯಾರಿಗಾದರೂ ಲಿವರ್ ಕಾಯಿಲೆ ಇದೆಯೆಂದು ತಿಳಿದರೆ ಕಾರಣ ಕೆದಕಬೇಡಿ. ಕಾಗದಪತ್ರಗಳನ್ನು ಒಟ್ಟುಮಾಡಿ, ತಜ್ಞರ ಬಳಿಗೆ ಅವರ ಜೊತೆ ಹೋಗಿ. ಮನೆಮಂದಿಯೆಲ್ಲ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿಕೊಳ್ಳಿ. ಅದಕ್ಕೆ ಲಸಿಕೆ ಇದೆ. ರೋಗಿಗಳಿಗೆ ಅಲ್ಲಾಹನು ಶಿಫಾ ಕರುಣಿಸಲಿ, ನಮಗೆ ಅವರ ಗೌರವ ಕಾಯುವ ಬುದ್ಧಿ ಕೊಡಲಿ. ಆಮೀನ್.