ಕಾಡಂಚಿನ ಹೊಲ ಮತ್ತು ರಜಾ ಮನೆ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಾಲ, ಷೇರು, ಲಾಭಾಂಶದ ವಿಷಯವನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ಆ ಸಾಲಕ್ಕೆಲ್ಲ ಆಧಾರವಾದ ಪಹಣಿಯ ಬಗ್ಗೆ ನಾವು ನಾಲ್ಕು ಮಾತು ಹೇಳಬಯಸುತ್ತೇವೆ.

ಮಂಗಲ, ಹಂಗಳ, ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಜಮೀನೆಂದರೆ ಪೇಟೆಯವರು ಕಾರು ನಿಲ್ಲಿಸಿ ಬೆಲೆ ಕೇಳುವ ಕಾಲ ಇದು. ಹಿಂದೆ ಭೂಸುಧಾರಣಾ ಕಾಯಿದೆಯ 79-ಎ, 79-ಬಿ ಕಲಮುಗಳಿದ್ದವು. ಬೇಸಾಯಗಾರರಲ್ಲದವರು ಹೊಲ ಕೊಳ್ಳುವುದು ಸುಲಭವಿರಲಿಲ್ಲ. 2020ರಲ್ಲಿ ಅವನ್ನು ತೆಗೆದುಹಾಕಿದರು. ಹುರುಳಿ, ಜೋಳ ಬೆಳೆಯುತ್ತಿದ್ದ ಕಡೆ ಈಗ ಫಾರ್ಮ್ ಹೌಸ್ ಏಳುತ್ತಿವೆ.

ಕೊಳ್ಳಬಹುದು ಅಂದ ಮಾತ್ರಕ್ಕೆ ಏನು ಬೇಕಾದರೂ ಕಟ್ಟಬಹುದು ಅಂತಲ್ಲ. 2012ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಿಸಿತು. ನಮ್ಮ ತಾಲ್ಲೂಕೂ ಸೇರಿ 123 ಹಳ್ಳಿ ಅದರೊಳಗಿವೆ. ಹೊಸ ಹೋಟೆಲು, ರೆಸಾರ್ಟಿಗೆ ಅಲ್ಲಿ ನಿರ್ಬಂಧ. ‘ಇನ್ನು ದನದ ಕೊಟ್ಟಿಗೆನೂ ಕಟ್ಟಂಗಿಲ್ವಂತೆ’ ಎಂದು ಹೆದರಿದವರಿದ್ದಾರೆ. ಊರಿನವರ ವಾಸದ ಮನೆ ಬೇರೆ, ಬಾಡಿಗೆ ಕೋಣೆಗಳ ವ್ಯಾಪಾರ ಬೇರೆ. ಈ ವ್ಯತ್ಯಾಸ ನಮ್ಮ ಜನಕ್ಕೆ ಗೊತ್ತಿರಬೇಕು.

ಭೂಕಂದಾಯ ಕಾಯಿದೆಯ 95ನೇ ಕಲಮಿನಲ್ಲೂ ತೋಟದ ಮನೆಗೆ ಮಿತಿ ಇದೆ. ಹಿಡುವಳಿಯ ಹತ್ತನೇ ಒಂದು ಭಾಗ ಮೀರಬಾರದು, ಸ್ವಂತ ಉಪಯೋಗಕ್ಕೇ ಇರಬೇಕು, ವ್ಯಾಪಾರಕ್ಕೆ ಬಾಡಿಗೆ ಕೊಡಬಾರದು. ಪಹಣಿಯಲ್ಲಿ ರಾಗಿ, ಗೇಟಿನಲ್ಲಿ ರೂಮು ಬಾಡಿಗೆಯ ಬೋರ್ಡು ಅಂದರೆ ಹೇಗೆ?

ಇದರಲ್ಲಿ ನಮ್ಮ ಗಂಟೇನು ಹೋಯ್ತು ಅನ್ನಬೇಡಿ. ಒಬ್ಬರು ಸುತ್ತ ಬೇಲಿ ಹಾಕಿ ಸೋಲಾರ್ ಕರೆಂಟು ಬಿಟ್ಟರೆ ಆನೆ ಆಕಾಶಕ್ಕೆ ಹಾರುವುದಿಲ್ಲ, ಪಕ್ಕದವನ ಬಾಳೆತೋಟಕ್ಕೆ ನುಗ್ಗುತ್ತದೆ. ಬೆಳೆ ಹೋದವನು ಸಂಘದ ಸಾಲ ಎಲ್ಲಿಂದ ಕಟ್ಟಬೇಕು?

ಬಂಡೀಪುರ ದಾಟಿದರೆ ಮಸಿನಗುಡಿ. ಅಲ್ಲಿ ಆನೆದಾರಿಯಲ್ಲಿ ಕಟ್ಟಿದ್ದ 27 ರೆಸಾರ್ಟುಗಳಿಗೆ ಬೀಗ ಹಾಕಲು 2018ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2020ರಲ್ಲಿ ಆನೆದಾರಿಯನ್ನೂ ಎತ್ತಿಹಿಡಿಯಿತು. ಹಣವಂತರು ವಕೀಲರನ್ನಿಟ್ಟು ವರ್ಷಾನುಗಟ್ಟಲೆ ಹೋರಾಡಿಯಾರು. ಜಮೀನನ್ನು ತನ್ನ ಹೆಸರಿನಲ್ಲೇ ಉಳಿಸಿಕೊಂಡು ಬೇರೆಯವರಿಗೆ ಕಟ್ಟಲು ಬಿಟ್ಟ ರೈತನಿಗೆ ನೋಟಿಸು ಬಂದರೆ ಅವನ ಗತಿಯೇನು?

ಜಮೀನು ಮಾರಬೇಡಿ ಎನ್ನಲು ನಮಗೆ ಹಕ್ಕಿಲ್ಲ. ಮದುವೆ, ಆಸ್ಪತ್ರೆ, ಬತ್ತಿದ ಬೋರ್‌ವೆಲ್, ಕಷ್ಟ ಎಲ್ಲರಿಗೂ ಉಂಟು. ಆದರೆ ಮಾರುವ ಮುಂಚೆ ಬೇಬಾಕಿ ಪತ್ರಕ್ಕೆ ಸಂಘಕ್ಕೆ ಬರುತ್ತೀರಲ್ಲ, ಆವಾಗ ಸರ್ವೆ ನಂಬರು ವಲಯದೊಳಗಿದೆಯೇ, ಕೊಳ್ಳುವವರು ಏನು ಕಟ್ಟುತ್ತಾರೆ ಎಂದು ಆಡಳಿತ ಮಂಡಳಿ ಕೂರಿಸಿ ಕೇಳಲಿ, ಕಾನೂನು ತಿಳಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಪಂಚಾಯಿತಿ ಯಾವ ಯಾವ ಕಟ್ಟಡಕ್ಕೆ ಲೈಸೆನ್ಸು ಕೊಟ್ಟಿದೆ ಎಂಬ ಪಟ್ಟಿಯನ್ನು ಎಲ್ಲರೂ ಸೇರಿ ಕೇಳೋಣ.