ಹೊಸ ಕಂಪನಿಯ ಕೆಲಸ: ಗಳಿಕೆಯೆಷ್ಟು, ಗಂಡಾಂತರವೆಷ್ಟು?

ಮನೆಯಲ್ಲಿ ಮಗನಿಗೋ ಮಗಳಿಗೋ ಕೆಲಸ ಸಿಕ್ಕಿತೆಂದರೆ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ, "ಯಾವ ಕಂಪನಿ?" ಎಂಬುದು. ಬ್ಯಾಂಕು, ಬಿ.ಇ.ಎಲ್., ಇನ್ಫೋಸಿಸ್ ಎಂದರೆ ಮುಂದಿನ ಪ್ರಶ್ನೆ ಇರುವುದಿಲ್ಲ. ಯಾರೂ ಕೇಳಿರದ ಒಂದು ಹೆಸರು ಹೇಳಿ, "ಸ್ಟಾರ್ಟ್‌ಅಪ್, ಶುರುವಾಗಿ ಎರಡು ವರ್ಷವಾಯಿತು, ಮೂವತ್ತು ಜನ ಇದ್ದೇವೆ" ಎಂದರೆ ಹಿರಿಯರ ಮುಖ ಸಪ್ಪಗಾಗುತ್ತದೆ. ಮಕ್ಕಳಿಗಾದರೋ ಅಲ್ಲಿಯೇ ಭವಿಷ್ಯ ಕಾಣುತ್ತಿರುತ್ತದೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದ್ದರಿಂದ ಇಂಥ ಕೆಲಸದ ಅನುಕೂಲ, ಅನಾನುಕೂಲಗಳನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲಿಗೆ, ನವೋದ್ಯಮ ಎಂದರೇನು? ಬಸವನಗುಡಿಯಲ್ಲಿ ಒಬ್ಬರು ಹೊಸದಾಗಿ ಹೋಟೆಲು ತೆರೆದರೆ ಮೊದಲ ದಿನವೇ ಕಾಫಿ ತಿಂಡಿ ಮಾರಿ ನಾಲ್ಕು ಕಾಸು ನೋಡಬೇಕೆಂದು ಬಯಸುತ್ತಾರೆ. ಸಾಮಾನ್ಯವಾಗಿ ನವೋದ್ಯಮದ ಲೆಕ್ಕ ಬೇರೆ. ಅದು ಒಂದು ಹೊಸ ವಿಚಾರವನ್ನು ಹಿಡಿದು, ಹೂಡಿಕೆದಾರರು ಕೊಟ್ಟ ಹಣವನ್ನು ಖರ್ಚು ಮಾಡುತ್ತಾ, ಲಾಭಕ್ಕಿಂತ ಮೊದಲು ಬೆಳವಣಿಗೆಯನ್ನು ನೋಡುತ್ತದೆ. ವಿಮಾನ ಮೇಲೇರುವ ಮೊದಲು ನೆಲದ ಮೇಲೆ ಓಡುವ ಹಾದಿಯನ್ನು ರನ್‌ವೇ ಎನ್ನುತ್ತಾರಲ್ಲವೇ? ಕೈಯಲ್ಲಿರುವ ಹಣ ಇನ್ನೆಷ್ಟು ತಿಂಗಳಿಗೆ ಸಾಕಾಗುತ್ತದೆ ಎಂಬುದಕ್ಕೆ ಈ ಕಂಪನಿಗಳಲ್ಲೂ ಅದೇ ಮಾತನ್ನು ಬಳಸುತ್ತಾರೆ. ಹಾದಿ ಮುಗಿಯುವುದರೊಳಗೆ ವಿಮಾನ ಏಳಬೇಕು, ಇಲ್ಲವೇ ಯಾರಾದರೂ ಹಾದಿಯನ್ನು ಉದ್ದ ಮಾಡಿಕೊಡಬೇಕು.

ನಮ್ಮ ನಾಡಿಗೆ ಇದು ತೀರಾ ಹೊಸ ಸಂಗತಿಯೇನಲ್ಲ. ಬಯೋಕಾನ್ ಸಂಸ್ಥೆ 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಆರಂಭವಾಯಿತು. 1981ರಲ್ಲಿ ಏಳು ಜನ ಎಂಜಿನಿಯರುಗಳು ಪುಣೆಯಲ್ಲಿ ಕಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. 2007ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದು ಪುಸ್ತಕಗಳನ್ನು. ಇಂದು ದೊಡ್ಡ ಹೆಸರಾಗಿರುವ ಇವೆಲ್ಲವೂ ಒಂದು ಕಾಲದಲ್ಲಿ ನೆಂಟರಿಗೆ ಗೊತ್ತಿಲ್ಲದ ಹೆಸರುಗಳೇ. ಆದರೆ ನಮಗೆ ನೆನಪಿರುವುದು ಉಳಿದು ಬೆಳೆದ ಕಂಪನಿಗಳು ಮಾತ್ರ. ಮುಚ್ಚಿಹೋದವುಗಳ ಹೆಸರನ್ನು ಯಾರೂ ಬರೆದಿಡುವುದಿಲ್ಲ.

ವಿಜ್ಞಾನ ಓದಿದವರಿಗೆ ಇಲ್ಲಿ ಒಂದು ಹೋಲಿಕೆ ನೆನಪಾಗುತ್ತದೆ. ವಿಕಿರಣಶೀಲ ಧಾತುವಿನ ಒಂದು ತುಣುಕನ್ನು ತೆಗೆದುಕೊಂಡರೆ, ಇಷ್ಟು ಕಾಲದಲ್ಲಿ ಅದರ ಅರ್ಧದಷ್ಟು ಪರಮಾಣುಗಳು ಕ್ಷಯಿಸುತ್ತವೆ ಎಂದು ಖಚಿತವಾಗಿ ಹೇಳಬಹುದು. ಆದರೆ ಇಂತಹುದೇ ಒಂದು ಪರಮಾಣು ಯಾವಾಗ ಕ್ಷಯಿಸುತ್ತದೆಂದು ಯಾರೂ ಹೇಳಲಾರರು. ನವೋದ್ಯಮಗಳೂ ಹೀಗೆಯೇ. ಒಟ್ಟಿನಲ್ಲಿ ಹಲವು ಮುಚ್ಚುತ್ತವೆಂಬುದು ತಿಳಿದ ವಿಷಯ. ನೀವು ಸೇರಲಿರುವ ಕಂಪನಿ ಅದರಲ್ಲಿ ಒಂದೋ ಅಲ್ಲವೋ ಎಂಬುದು ಅದನ್ನು ಕಟ್ಟಿದವರಿಗೂ ತಿಳಿಯದು.

ಹಾಗಿದ್ದೂ ಜನ ಏಕೆ ಸೇರುತ್ತಾರೆ? ಮೊದಲನೆಯ ಕಾರಣ ಕಲಿಕೆ. ದೂರದರ್ಶನದ ಸ್ಟುಡಿಯೋದಲ್ಲಿ ಕ್ಯಾಮೆರಾ ಒಬ್ಬರದು, ಧ್ವನಿ ಒಬ್ಬರದು, ಬೆಳಕು ಮತ್ತೊಬ್ಬರದು, ಸಂಕಲನ ಇನ್ನೊಬ್ಬರದು. ಅದೇ ನಾಲ್ಕೈದು ಜನರ ತಂಡ ಹೊರಾಂಗಣ ಚಿತ್ರೀಕರಣಕ್ಕೆ ಹಳ್ಳಿಗೆ ಹೋದಾಗ ನಿರ್ಮಾಪಕರೂ ಕೇಬಲ್ ಸುತ್ತುತ್ತಾರೆ, ಧ್ವನಿಯವರೂ ದೀಪ ಹಿಡಿಯುತ್ತಾರೆ. ಒಂದು ಕಾರ್ಯಕ್ರಮ ಹೇಗೆ ತಯಾರಾಗುತ್ತದೆ ಎಂಬುದು ಪೂರ್ತಿಯಾಗಿ ಅರ್ಥವಾಗುವುದು ಅಂಥ ಕಡೆಯಲ್ಲೇ. ಸಣ್ಣ ಕಂಪನಿಯ ಕೆಲಸವೂ ಈ ಬಗೆಯದು. ದೊಡ್ಡ ಸಂಸ್ಥೆಯಲ್ಲಿ ಒಂದು ಯಂತ್ರದ ಒಂದು ಹಲ್ಲನ್ನಷ್ಟೇ ನೋಡಬೇಕಾದ ಹುಡುಗಿ, ಇಲ್ಲಿ ಸರಕನ್ನು ರೂಪಿಸುವುದನ್ನೂ ಗಿರಾಕಿಯ ದೂರು ಕೇಳುವುದನ್ನೂ ಬೆಲೆ ಕಟ್ಟುವುದನ್ನೂ ಒಂದೇ ವರ್ಷದಲ್ಲಿ ಕಲಿಯುತ್ತಾಳೆ. ಫ್ಲಿಪ್‌ಕಾರ್ಟ್‌ನಲ್ಲಿ ಕೆಲಸ ಮಾಡಿ ಹೊರಬಂದವರು 2015ರಲ್ಲಿ ಫೋನ್‌ಪೇ ಸ್ಥಾಪಿಸಿದರು. ಒಂದು ಕಂಪನಿಯಲ್ಲಿ ಕಲಿತ ವಿದ್ಯೆ ಇನ್ನೊಂದಕ್ಕೆ ಬೀಜವಾಗುವುದಕ್ಕೆ ಇದು ಒಳ್ಳೆಯ ನಿದರ್ಶನ.

ಎರಡನೆಯದು ಹೊಣೆಗಾರಿಕೆ. ಇಪ್ಪತ್ತೈದರ ವಯಸ್ಸಿಗೇ ನಿರ್ಧಾರ ತೆಗೆದುಕೊಳ್ಳುವ ಅವಕಾಶ ಸಿಗುತ್ತದೆ. ಕಡತ ಐದು ಮೇಜು ದಾಟಿ ಬರುವವರೆಗೆ ಕಾಯಬೇಕಾಗಿಲ್ಲ.

ಮೂರನೆಯದು ಷೇರಿನ ಆಸೆ. ಇನ್ಫೋಸಿಸ್ 1994ರಲ್ಲಿಯೇ ನೌಕರರಿಗೆ ಷೇರು ಕೊಡುವ ಯೋಜನೆ ತಂದಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ತೆತ್ತು ಫ್ಲಿಪ್‌ಕಾರ್ಟ್‌ನ ಶೇಕಡಾ 77ರಷ್ಟು ಪಾಲನ್ನು ಕೊಂಡಾಗ, ಷೇರು ಪಡೆದಿದ್ದ ನೌಕರರ ಕೈಗೂ ಹಣ ಬಂತು. ಇಂಥ ಸುದ್ದಿ ಕೇಳಿದಾಗ ಯಾರಿಗೆ ತಾನೇ ಆಸೆಯಾಗದು?

ಇಲ್ಲಿಯೇ ಎಚ್ಚರಿಕೆಯಿಂದ ಒಂದು ಲೆಕ್ಕ ಹಾಕಬೇಕು. ದೊಡ್ಡ ಕಂಪನಿಯೊಂದು ವರ್ಷಕ್ಕೆ 12 ಲಕ್ಷ ರೂಪಾಯಿ ಸಂಬಳ ಕೊಡಲು ಸಿದ್ಧವಿದೆ ಎನ್ನೋಣ. ನವೋದ್ಯಮ 9 ಲಕ್ಷ ಸಂಬಳದ ಜೊತೆಗೆ ನಾಲ್ಕು ವರ್ಷಗಳಲ್ಲಿ ಕೈಸೇರುವ ಷೇರಿನ ಹಕ್ಕು ಕೊಡುತ್ತದೆ. ವರ್ಷಕ್ಕೆ 3 ಲಕ್ಷದಂತೆ ನಾಲ್ಕು ವರ್ಷಕ್ಕೆ ಬಿಟ್ಟುಕೊಟ್ಟದ್ದು 12 ಲಕ್ಷ. ಅಂದರೆ ಆ ಕಂಪನಿಯಲ್ಲಿ ನೀವು 12 ಲಕ್ಷ ರೂಪಾಯಿ ಹೂಡಿದಂತಾಯಿತು! ನೀವು ಬರೀ ನೌಕರರಲ್ಲ, ಹೂಡಿಕೆದಾರರು ಕೂಡ. ಆದರೆ ವೃತ್ತಿಪರ ಹೂಡಿಕೆದಾರ ತನ್ನ ಹಣವನ್ನು ಹತ್ತಾರು ಕಂಪನಿಗಳಲ್ಲಿ ಹಂಚಿ ಹಾಕುತ್ತಾನೆ; ಒಂಬತ್ತು ಮುಳುಗಿದರೂ ಹತ್ತನೆಯದು ಅವನನ್ನು ಕಾಯಬಹುದು. ನಿಮಗಿರುವುದು ಒಂದೇ ಯೌವನ, ಅದನ್ನು ಹಾಕುವುದು ಒಂದೇ ಕಂಪನಿಯಲ್ಲಿ. ಮೇಲಾಗಿ ಅವನು ಲೆಕ್ಕಪತ್ರಗಳನ್ನೆಲ್ಲ ತರಿಸಿ ನೋಡುತ್ತಾನೆ. ನೀವು ನೇಮಕಾತಿ ಪತ್ರವನ್ನೂ ಪೂರ್ತಿ ಓದದೆ ಸಹಿ ಹಾಕುತ್ತೀರಿ.

ಷೇರಿನ ಹಕ್ಕು ಎಂದರೆ ಷೇರಲ್ಲ ಎಂಬುದನ್ನೂ ತಿಳಿದಿರಬೇಕು. ಅದು, ಗೊತ್ತಾದ ಒಂದು ಬೆಲೆಗೆ ಮುಂದೆ ಷೇರು ಕೊಳ್ಳಬಹುದೆಂಬ ಭರವಸೆ. ನಿಯಮದಂತೆ ಕನಿಷ್ಠ ಒಂದು ವರ್ಷವಾದರೂ ಕಳೆಯದೆ ಆ ಹಕ್ಕು ನಿಮ್ಮದಾಗದು. ಹನ್ನೊಂದನೆಯ ತಿಂಗಳಲ್ಲಿ ಕೆಲಸ ಹೋದರೆ ಸಿಗುವುದು ಸೊನ್ನೆ. ಕೆಲಸ ಬಿಟ್ಟ ಮೇಲೆ ಕೆಲವೇ ತಿಂಗಳೊಳಗೆ ಹಣ ಕಟ್ಟಿ ಷೇರು ಕೊಳ್ಳಬೇಕೆಂಬ ಷರತ್ತು ಅನೇಕ ಕಂಪನಿಗಳಲ್ಲಿ ಇರುತ್ತದೆ. ಕೊಂಡಾಗ, ನೀವು ಕೊಟ್ಟ ಬೆಲೆಗೂ ಅಂದಿನ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳವೆಂದೇ ಎಣಿಸಿ ತೆರಿಗೆ ಹಾಕುತ್ತಾರೆ. ಈ ತೆರಿಗೆಯನ್ನು ಮುಂದೂಡುವ ಸೌಲಭ್ಯವನ್ನು ಸರ್ಕಾರ 2020ರಲ್ಲಿ ತಂದಿತಾದರೂ ಅದು ಎಲ್ಲ ನವೋದ್ಯಮಗಳಿಗೂ ಅನ್ವಯಿಸುವುದಿಲ್ಲ. ಷೇರುಪೇಟೆಗೆ ಬಾರದ ಕಂಪನಿಯ ಷೇರಿಗೆ ಕೊಳ್ಳುವವರೂ ಸುಲಭವಾಗಿ ಸಿಗುವುದಿಲ್ಲ.

ಕಾಗದದ ಮೇಲಿನ ಬೆಲೆ ಎಷ್ಟು ಬೇಗ ಕರಗಬಹುದು ಎಂಬುದಕ್ಕೆ ಬೆಂಗಳೂರಿನ ಬೈಜೂಸ್ ಕಂಪನಿಯನ್ನೇ ನೋಡಬಹುದು. 2022ರಲ್ಲಿ ಅದಕ್ಕೆ ಕಟ್ಟಿದ ಬೆಲೆ 2,200 ಕೋಟಿ ಡಾಲರ್. 2024ರ ಜುಲೈನಲ್ಲಿ ಅದರ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಮನೆಬಾಗಿಲಿಗೆ ಸಾಮಾನು ತಲುಪಿಸುತ್ತಿದ್ದ ಡನ್ಜೋ ಕಂಪನಿಯಲ್ಲಿ 2023ರಲ್ಲಿ ಸಂಬಳ ತಡವಾಗತೊಡಗಿತು. 2025ರ ಆರಂಭದಲ್ಲಿ ಅದರ ಸೇವೆಯೇ ನಿಂತಿತು. ಕಂಪನಿಯ ಆಸ್ತಿ ಮಾರಿ ಸಾಲ ತೀರಿಸುವ ಹಂತ ಬಂದರೆ ಯಾರಿಗೆ ಮೊದಲು ಎಂಬುದನ್ನು 2016ರ ದಿವಾಳಿ ಸಂಹಿತೆ ಹೇಳುತ್ತದೆ. ಪ್ರಕ್ರಿಯೆಯ ಖರ್ಚು ಮೊದಲು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಪಡೆದು ಸಾಲ ಕೊಟ್ಟವರು. ಅನಂತರ ಇತರ ನೌಕರರ 12 ತಿಂಗಳ ಬಾಕಿ. ಸಾಮಾನ್ಯ ಷೇರುದಾರರು ಸಾಲಿನ ಕಟ್ಟಕಡೆಯಲ್ಲಿ. ಅಂದರೆ ನಿಮ್ಮ ಸಂಬಳದ ಬಾಕಿ ಸರತಿಯ ನಡುವೆ ನಿಂತಿದ್ದರೆ, ನಿಮ್ಮ ಷೇರು ಬಾಗಿಲಿನಾಚೆ ನಿಂತಿರುತ್ತದೆ.

ಇನ್ನುಳಿದ ತೊಂದರೆಗಳು ದಿನನಿತ್ಯದವು. ಕೆಲಸಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ತಿದ್ದಿ ಹೇಳಿಕೊಡುವ ಹಿರಿಯರು ಇಲ್ಲದಿದ್ದರೆ ಬೇಗ ಕಲಿತದ್ದು ತಪ್ಪಾಗಿಯೂ ಇರಬಹುದು. "ನಾವೆಲ್ಲ ಒಂದೇ ಕುಟುಂಬ" ಎಂಬ ಮಾತು ಇಲ್ಲಿ ಆಗಾಗ ಕೇಳಿಬರುತ್ತದೆ. ಹಣ ಮುಗಿದ ದಿನ ಅದು ಕುಟುಂಬವಲ್ಲ, ಕಂಪನಿ ಎಂಬುದು ಗೊತ್ತಾಗುತ್ತದೆ. ಇಪ್ಪತ್ತಕ್ಕಿಂತ ಕಡಿಮೆ ನೌಕರರಿರುವ ಕಡೆ ಭವಿಷ್ಯನಿಧಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಬೇಕು. ತಂದೆತಾಯಿಯರ ಆಸ್ಪತ್ರೆ ಖರ್ಚು ಕಂಪನಿಯ ವಿಮೆಯನ್ನೇ ನಂಬಿದ್ದರೆ, ಕೆಲಸದೊಡನೆ ಆ ಆಸರೆಯೂ ಹೋಗುತ್ತದೆ.

ಹಾಗಾದರೆ ಸೇರಬಾರದೇ? ಹಾಗಲ್ಲ. ಹೂಡಿಕೆದಾರ ಕೇಳುವ ಪ್ರಶ್ನೆಗಳನ್ನು ಕೇಳಿ ಸೇರಬೇಕು. ಈಗಿನ ಖರ್ಚಿನಲ್ಲಿ ಕೈಲಿರುವ ಹಣ ಎಷ್ಟು ತಿಂಗಳಿಗೆ ಸಾಕು? ಸಂಬಳ ಬರುತ್ತಿರುವುದು ಗಿರಾಕಿಗಳ ಹಣದಿಂದಲೋ, ಹೂಡಿಕೆಯ ಹಣದಿಂದಲೋ? ಕಳೆದ ಆರು ತಿಂಗಳಲ್ಲಿ ಸಂಬಳ ಎಂದಾದರೂ ತಡವಾಗಿದೆಯೇ? ಹತ್ತು ಸಾವಿರ ಷೇರು ಕೊಡುತ್ತೇವೆ ಎಂದರೆ, ಒಟ್ಟು ಎಷ್ಟು ಷೇರುಗಳಲ್ಲಿ ಹತ್ತು ಸಾವಿರ? ಛೇದ ಗೊತ್ತಿಲ್ಲದೆ ಅಂಶವೊಂದನ್ನೇ ಕೇಳಿ ಹಿಗ್ಗಿದರೆ ಅದು ಗಣಿತವಾಗದು. ಕೆಲಸ ಬಿಟ್ಟರೆ ಷೇರಿನ ಗತಿಯೇನು? ಉತ್ತರಗಳನ್ನು ಕಾಗದದಲ್ಲಿ ಪಡೆಯಿರಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಂಪನಿಯಾದರೆ ಅದೂ ಒಂದು ಉತ್ತರವೇ. ಸೇರಿದ ಮೇಲೆ ಭವಿಷ್ಯನಿಧಿಯ ಪಾಸ್‌ಬುಕ್ಕನ್ನು ಪ್ರತಿ ತಿಂಗಳೂ ನೋಡುತ್ತಿರಿ. ನಿಮ್ಮ ಸಂಬಳದಲ್ಲಿ ಮುರಿದ ಹಣ ಅಲ್ಲಿ ಜಮೆಯಾಗದಿದ್ದರೆ ಅದನ್ನು ಮೊದಲ ಅಪಾಯದ ಗಂಟೆಯೆಂದು ತಿಳಿಯಬೇಕು.

ತಂದೆತಾಯಿಯರಲ್ಲಿ ನನ್ನದೊಂದು ಬಿನ್ನಹ. ಕಂಪನಿಯ ಹೆಸರು ಕೇಳಿ ಬೇಡವೆನ್ನುವ ಬದಲು, "ಆರು ತಿಂಗಳ ಮನೆಖರ್ಚಿಗೆ ಬೇಕಾದಷ್ಟು ಹಣ ಬ್ಯಾಂಕಿನಲ್ಲಿ ಇಟ್ಟುಕೊಂಡಿದ್ದೀಯಾ?" ಎಂದು ಮಕ್ಕಳನ್ನು ಕೇಳಿ. ಸಾಲದ ಕಂತು, ಮನೆಯ ಜವಾಬ್ದಾರಿ ಇಲ್ಲದ ವಯಸ್ಸಿನಲ್ಲಿ ಎರಡು ವರ್ಷದ ಪೆಟ್ಟು ತಡೆದುಕೊಳ್ಳಬಹುದು. ಒಬ್ಬರ ಸಂಬಳದ ಮೇಲೆಯೇ ಇಡೀ ಮನೆ ನಿಂತಿದ್ದರೆ, ಖಚಿತವಾಗಿ ಬರುವ ಸಂಬಳಕ್ಕೇ ಹೆಚ್ಚು ಬೆಲೆ. ಹಾಗೆ ಆಯ್ದುಕೊಂಡವರು ಅಂಜುಬುರುಕರಲ್ಲ.

ಕೊನೆಯದಾಗಿ, ಕಂಪನಿ ಮುಚ್ಚಿತೆಂದರೆ ಅಲ್ಲಿ ದುಡಿದವರು ಸೋತರೆಂದು ಅರ್ಥವಲ್ಲ. ಯಾವ ಕೆಲಸವನ್ನು ಹೇಗೆ ಮಾಡಿದೆವು, ಏನನ್ನು ಕಲಿತೆವು ಎಂಬುದನ್ನು ಆಗಾಗ ಬರೆದಿಟ್ಟುಕೊಂಡವರಿಗೆ ಮುಂದಿನ ಸಂದರ್ಶನದಲ್ಲಿ ಹೇಳಲು ಬೇಕಾದಷ್ಟು ಇರುತ್ತದೆ. ಷೇರಿನ ಬೆಲೆ ಏರಲಿ ಬಿಡಲಿ, ಕೈಗೆ ಹತ್ತಿದ ಕಸುಬನ್ನು ಯಾವ ದಿವಾಳಿ ಪ್ರಕ್ರಿಯೆಯೂ ಕಿತ್ತುಕೊಳ್ಳಲಾರದು. ಆ ಕಸುಬು ನಿಜವಾಗಿ ಕೈಗೆ ಹತ್ತುತ್ತಿದೆಯೇ ಎಂಬ ಪ್ರಶ್ನೆಯನ್ನು ವರ್ಷಕ್ಕೊಮ್ಮೆಯಾದರೂ ತಮಗೆ ತಾವೇ ಕೇಳಿಕೊಳ್ಳಬೇಕು. ಇಲ್ಲವೆಂಬ ಉತ್ತರ ಬಂದ ದಿನ, ಷೇರಿನ ಆಸೆಗಾಗಿ ಅಲ್ಲಿಯೇ ಕುಳಿತಿರಬೇಕಾಗಿಲ್ಲ.